ಶೋಜಿಗೂ ಸೈ, ಹಳೇ ಪುಸ್ತಕಕ್ಕೂ ಸೈ, ಪೆನ್ನಿಗೆ ಮಾತ್ರ ಬೇಡ: ಹೊಸೊಕಾವಾ ವಾಶಿ

ವಾಶಿ ಅಂದರೆ ಜಪಾನಿನ ಸಾಂಪ್ರದಾಯಿಕ ಕಾಗದ, ಹೊಸೊಕಾವಾ ಅದರಲ್ಲೊಂದು ಬಗೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಂ ಸೆಂಟರಿನಲ್ಲಿ (ಮನೆ ರಿಪೇರಿ ಸಾಮಾನಿನ ಅಂಗಡಿ) ಸಿಗುವ, ಯಂತ್ರದಲ್ಲಿ ಮಾಡಿದ ಕಾಗದದ ರೋಲ್ ಹತ್ತಿರ ಇಟ್ಟು ನೋಡಿದರೆ ಈ ಕೈಕಾಗದ ಹಲವು ಪಟ್ಟು ದುಬಾರಿ. ಆದರೂ ಟೋಕಿಯೊ ಪಕ್ಕದ ಸೈತಾಮಾದ ನಮ್ಮ ಹಳೇ ಬಾಡಿಗೆ ಮನೆಯ ಶೋಜಿಗಳಿಗೆ, ಅಂದರೆ ಮರದ ಚೌಕಟ್ಟಿಗೆ ಕಾಗದ ಅಂಟಿಸಿದ ಜಾರುಬಾಗಿಲುಗಳಿಗೆ, ವರ್ಷಗಳಿಂದ ಇದನ್ನೇ ಹಾಕುತ್ತಿದ್ದೇನೆ.

ತಯಾರಾಗುವುದು ಸೈತಾಮಾದ್ದೇ ಒಗಾವಾ ಪಟ್ಟಣದಲ್ಲಿ, ಪಕ್ಕದ ಹಿಗಾಶಿಚಿಚಿಬು ಹಳ್ಳಿಯಲ್ಲಿ. ಟೋಕಿಯೊದ ಇಕೆಬುಕುರೊ ನಿಲ್ದಾಣದಿಂದ ತೋಬು ತೋಜೊ ಮಾರ್ಗದ ರೈಲು ಹತ್ತಿದರೆ ಸೀದಾ ಒಗಾವಾಮಾಚಿ ನಿಲ್ದಾಣ. 2014ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಮೂರು ವಾಶಿಗಳಲ್ಲಿ ಇದೂ ಒಂದು. ಇನ್ನೆರಡು ಶಿಮಾನೆಯ ಸೆಕಿಶೂ ಬನ್ಶಿ, ಗಿಫುವಿನ ಹೊನ್ ಮಿನೋಶಿ. ಕಚ್ಚಾ ಮಾಲು ಕೋಝೊ ಗಿಡದ ನಾರು. ನಮ್ಮಲ್ಲಿ ರೇಷ್ಮೆಗೆ ಬೆಳೆಯುವ ಹಿಪ್ಪುನೇರಳೆಯ ಕುಟುಂಬದ್ದೇ ಗಿಡ. ನಾರು ನೀರಿನ ತಳಕ್ಕಿಳಿಯದಿರಲಿ ಎಂದು ತೊರೊರೊ ಆಓಯಿ ಬೇರಿನ ಲೋಳೆ ಬೆರೆಸುತ್ತಾರೆ. ಅದು ಬೆಂಡೆಯ ಬಳಗದ್ದು, ಆ ಲೋಳೆ ನಮಗೆ ಹೊಸದೇನಲ್ಲ!

ಶೋಜಿಗೆ ಹಾಕಿದ ಮೇಲೆ ಮೇಲಿಂದ ತೆಳುವಾಗಿ ನೀರು ಚಿಮುಕಿಸಬೇಕು. ಒಣಗುತ್ತಾ ಬಂದಂತೆ ಸುಕ್ಕೆಲ್ಲ ಹೋಗಿ ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಚುಚ್ಚದೆ ಕೋಣೆಯ ತುಂಬಾ ಹರಡುತ್ತದೆ. ಅಗ್ಗದ ಕಾಗದ ಬಿಸಿಲಿಗೆ ಹಳದಿಯಾಗುತ್ತದೆ, ಬ್ಲೀಚ್ ಮಾಡದ ಕೋಝೊ ಕಾಗದ ಇನ್ನಷ್ಟು ಬೆಳ್ಳಗಾಗುತ್ತದೆ. ಮಗಳು ಬೆರಳು ತೂರಿಸಿದರೆ? ಇಲ್ಲಿಯವರ ಹಾಗೆ ಹೂವಿನಾಕಾರದ ತೇಪೆ ಹಾಕಿದರಾಯಿತು.

ನನಗೆ ಇದರ ನಿಜವಾದ ಬೆಲೆ ತಿಳಿದದ್ದು ಊರಿಂದ ತಂದ ಅಜ್ಜಿಯ ಕೈಬರಹದ ಹಾಡಿನ ಪುಸ್ತಕ ರಿಪೇರಿ ಮಾಡುವಾಗ. ಅದಕ್ಕೆ ತೆಳುವಾದ ಕೋಝೊ ಹಾಳೆ ಬೇಕು. ಕತ್ತರಿ ಮುಟ್ಟಿಸಬೇಡಿ. ಬ್ರಶ್ಶನ್ನು ನೀರಿಗದ್ದಿ ಒಂದು ಗೆರೆ ಎಳೆದು, ಎರಡೂ ಕಡೆ ಮೆಲ್ಲಗೆ ಜಗ್ಗಿ. ಅಂಚಿನಲ್ಲಿ ಉದ್ದುದ್ದ ನಾರು ಕೂದಲೆಳೆಯಾಗಿ ಹೊರಬರುತ್ತದೆ. ಹರಿದ ಪುಟದ ಮೇಲೆ ಗೋಧಿ ಪಿಷ್ಟದ ತೆಳು ಅಂಟಿನಿಂದ ಕೂರಿಸಿದರೆ ಆ ಎಳೆಗಳೇ ಹಿಡಿದುಕೊಳ್ಳುತ್ತವೆ, ತೇಪೆಯ ಅಂಚು ಬೆರಳಿಗೂ ಸಿಗುವುದಿಲ್ಲ. ಬೇಡವೆನಿಸಿದರೆ ತೇವ ಮಾಡಿ ಬಿಡಿಸಬಹುದು. ಸೆಲ್ಲೋಟೇಪ್ ಹಚ್ಚಿ ಪುಟ ಹಾಳುಮಾಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಶಾಯಿ ನೀರಿಗೆ ಕರಗುವುದೋ ಎಂದು ಮಾತ್ರ ಮೊದಲು ಮೂಲೆಯಲ್ಲಿ ಪರೀಕ್ಷಿಸಿ.

ದಿನನಿತ್ಯ ಬರೆಯಲು? ಬೇಡ. ಫೌಂಟನ್ ಪೆನ್ನಿನ ಶಾಯಿ ಹರಡುತ್ತದೆ, ನಿಬ್ಬಿಗೆ ನಾರು ಸಿಕ್ಕಿಕೊಳ್ಳುತ್ತದೆ. ಬ್ರಶ್ಶಿನಲ್ಲಿ ಬರೆಯುವವರಿಗೆ ಅದೇ ಸೊಗಸು, ನಮ್ಮಂಥವರಿಗೆ ಕಿರಿಕಿರಿ. ಉಡುಗೊರೆ ದುಡ್ಡಿನ ಲಕೋಟೆಗೆ, ಪುಸ್ತಕದ ರಟ್ಟಿಗೆ ಹೊದಿಸಲು ಉಳಿದ ತುಂಡುಗಳು ಸಾಕು.

ಕೊಳ್ಳುವಾಗ 'ತೆಸುಕಿ', ಅಂದರೆ ಕೈಯಿಂದ ಮಾಡಿದ್ದು, ಎಂದು ಬರೆದಿದೆಯೇ ನೋಡಿ. ಬರೀ 'ವಾಶಿ' ಎಂದಿದ್ದರೆ ಯಂತ್ರದ್ದೂ ಇರಬಹುದು. ಒಂದು ಆನ್‌ಲೈನ್ ಅಂಗಡಿ ನನಗೆ ಅಂಥದ್ದನ್ನೇ ಕೈಕಾಗದದ ದರಕ್ಕೆ ಕಳಿಸಿತ್ತು, ವಾಪಸ್ ಮಾಡಲು ಸಾಕುಬೇಕಾಯಿತು. ಆಮೇಲೆ ಒಗಾವಾಕ್ಕೇ ಹೋಗಿ ಮುಟ್ಟಿ ನೋಡಿ ತರುತ್ತೇನೆ. ಊರಿಗೆ ಒಯ್ಯುವವರು ಮಡಿಸಬೇಡಿ, ಗೆರೆ ಹೋಗುವುದಿಲ್ಲ. ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿಡಿ.