ಅಪ್ಪನ ಕಾಲಿನ ಹುಣ್ಣು, ಎರಡು ಕ್ಲಿನಿಕ್ಕು

ಅಪ್ಪನ ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ಸಕ್ಕರೆ ಕಾಯಿಲೆ ಹುಣ್ಣು. ಮೊದಲು ಹೋದ ಕಡೆ ಕಾಲು ಮುಟ್ಟುವ ಮುಂಚೆಯೇ 'ಎಕ್ಸೋಸೋಮ್ ಹಾಕಿಸಿ' ಅಂದರು. ಅಂದರೆ ಜೀವಕೋಶಗಳು ಹೊರಬಿಡುವ, 30ರಿಂದ 150 ನ್ಯಾನೋಮೀಟರಿನ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು. ಹೊಸ ರಕ್ತನಾಳ ಚಿಗುರಲು ಸಂದೇಶ ಒಯ್ಯುತ್ತವೆ. ಇಲಿಗಳ ಗಾಯದಲ್ಲಿ ಕೆಲಸ ಮಾಡಿದೆ, ಅಷ್ಟು ಒಪ್ಪುತ್ತೇನೆ. 'ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತಲ್ಲ?' ಅಂದೆ. ಡಾಕ್ಟರ ಮುಖ ಹುಳ್ಳಗಾಯಿತು. ಸೀಸೆ ಮೇಲೆ ತಯಾರಕರ ಹೆಸರೂ ಇಲ್ಲ! ಎದ್ದು ಬಂದೆವು.

ಎರಡನೇ ಕ್ಲಿನಿಕ್ಕಿನಲ್ಲಿ ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದಾ ಎಂದು, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಒತ್ತಿ ನೋಡಿದರು. ಅಪ್ಪನಿಗೆ ಗೊತ್ತೇ ಆಗಲಿಲ್ಲ, 'ಶುರು ಮಾಡಿ' ಅನ್ನುತ್ತಲೇ ಇದ್ದರು. ಸತ್ತ ಚರ್ಮ ಕೆರೆದು, ಹುಣ್ಣಿನ ಮೇಲೆ ಭಾರ ಬೀಳದಂತೆ ಪಾದಕ್ಕೆ ಕ್ಯಾಸ್ಟ್ (ಗಟ್ಟಿ ಕಟ್ಟು) ಹಾಕಿದರು. ಆಮೇಲೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ. ಹನ್ನೊಂದು ವಾರಕ್ಕೆ ಗಾಯ ಕೂಡಿತು. ಪಾರ್ಕಿಂಗ್ ಮಾತ್ರ ದೇವರಿಗೇ ಪ್ರೀತಿ.