ದತ್ತು ಮಗಳಿಗೆ ಭಾರತ ತೋರಿಸಲು ‘ಮಾಲ್ಗುಡಿ ಡೇಸ್’ ಡಿವಿಡಿ

ಭಾರತದಿಂದ ದತ್ತು ಪಡೆದು ವಿದೇಶದಲ್ಲಿ ಬೆಳೆಸುತ್ತಿರುವ ಮಗುವಿಗೆ ಹುಟ್ಟಿದ ನಾಡನ್ನು ಪರಿಚಯಿಸಬೇಕೆನ್ನುವವರಿಗೆ ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಡಿವಿಡಿಯನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಜರ್ಮನಿಯಿಂದ ರಜೆಗೆ ಶಿವಮೊಗ್ಗಕ್ಕೆ ಬಂದಿದ್ದ ನನ್ನ ತಂಗಿಯ 8 ವರ್ಷದ ದತ್ತು ಮಗಳು ಅದನ್ನು ನಮ್ಮ ಮನೆಯಲ್ಲೇ ನೋಡಿದಳು. ದತ್ತು ಮಕ್ಕಳ ಕುರಿತ ಚಿತ್ರಗಳಲ್ಲಿ ಭಾರತವೆಂದರೆ ಬಹುತೇಕ ಜನಜಂಗುಳಿ, ಬಡತನ, ಕಳೆದುಹೋದ ಮಗು. ಇಲ್ಲಿಯಾದರೋ ಮಾಸ್ಟರ್ ಮಂಜುನಾಥ್ ಅಭಿನಯದ ಸ್ವಾಮಿ ಲೆಕ್ಕಕ್ಕೆ ಹೆದರುತ್ತಾನೆ, ಅಜ್ಜಿಯ ಮುಂದೆ ಬಡಾಯಿ ಕೊಚ್ಚುತ್ತಾನೆ, ಕ್ರಿಕೆಟ್ ತಂಡ ಕಟ್ಟುತ್ತಾನೆ, ಹಾಗಾಗಿ ನೋಡುವ ಮಗುವಿಗೆ ಮರುಕಕ್ಕಿಂತ ಮೊದಲು ಸ್ನೇಹ ಹುಟ್ಟುತ್ತದೆ. ಚಿತ್ರೀಕರಣ ಆಗುಂಬೆಯಲ್ಲಿ ನಡೆದದ್ದರಿಂದ ಪರದೆಯಲ್ಲಿ ಕಂಡ ದೊಡ್ಡಮನೆಯನ್ನು ಮರುದಿನವೇ ತೋರಿಸಲು ಸಾಧ್ಯವಾಯಿತು. ಅವಳು ಮರದ ಕಂಬವನ್ನು ಮುಟ್ಟಿ, ಸ್ವಾಮಿ ಕೂತಿದ್ದು ಎಲ್ಲಿ ಎಂದು ಕೇಳಿದಳು. ಅರಸಾಳು ರೈಲು ನಿಲ್ದಾಣದ ಮಾಲ್ಗುಡಿ ವಸ್ತುಸಂಗ್ರಹಾಲಯಕ್ಕೂ ಹೋಗಬಹುದು (ಮಕ್ಕಳಿಗೆ ಅರ್ಧ ಗಂಟೆ ಸಾಕು). ಕೊರತೆಯೆಂದರೆ, ಸ್ವಾಮಿಯ ಕಥೆ ಸ್ವಾತಂತ್ರ್ಯಪೂರ್ವ ಕಾಲದ್ದಾದ್ದರಿಂದ ಇಂದಿನ ಭಾರತವೂ ಹೀಗೆಯೇ ಇದೆಯೆಂದು ಮಗು ಭಾವಿಸುವ ಸಾಧ್ಯತೆಯಿದೆ. ಅಲ್ಲದೆ ನಮ್ಮ ಪ್ರತಿಯಲ್ಲಿ ಉಪಶೀರ್ಷಿಕೆ ಇಲ್ಲದೆ, ಹಿಂದಿ ಸಂಭಾಷಣೆಯನ್ನು ತಂಗಿಯೇ ಪಕ್ಕದಲ್ಲಿ ಕುಳಿತು ವಿವರಿಸಬೇಕಾಯಿತು. ಚಿಕ್ಕ ಮಕ್ಕಳಿಗೆ ಸ್ವಾಮಿಯ ಕಂತುಗಳನ್ನಷ್ಟೇ ತೋರಿಸಿ, ಉಳಿದವನ್ನು ಅವರು ಸ್ವಲ್ಪ ದೊಡ್ಡವರಾದ ಮೇಲೆ ಹಾಕುವುದು ಒಳಿತು.