ವಿನೀರ್ ಅಂಚಿಗೆ ಇಸ್ತ್ರಿ ಟೇಪಾ, ಪಿವಿಸಿನಾ, ಮರದ ಪಟ್ಟಿನಾ: ಮೂರೂ ಹಾಕಿ ನೋಡಿದ್ಮೇಲೆ

ವಿನೀರ್ (ಪ್ಲೈವುಡ್ ಮೇಲೆ ಅಂಟಿಸೋ ನಿಜವಾದ ಮರದ ತೆಳು ಪದರ) ಹಾಕಿದ ಟೇಬಲ್ಲಾಗ್ಲಿ ಶೆಲ್ಫಾಗ್ಲಿ, ಮೊದಲು ಹಾಳಾಗೋದು ಅಂಚು. ಮೇಲಿನ ಮರದ ಪದರ ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್ ಇರತ್ತೆ ಅಷ್ಟೆ, ಕುರ್ಚಿ ತಾಗಿದ್ರೂ ಸಾಕು, ಒರೆಸೋ ಬಟ್ಟೆ ನೂಲು ಸಿಕ್ಕಿ ಎಳೆದ್ರೂ ಸಾಕು, ಚಕ್ಕೆ ಎದ್ದು ಬರತ್ತೆ. ನಾನು ರಜಾ ದಿನ ಮನೇಲೇ ಮರಗೆಲಸ ಮಾಡೋನು. ಪುಸ್ತಕದ ಶೆಲ್ಫಿಗೆ ಇಸ್ತ್ರಿ ಹಾಕಿ ಅಂಟಿಸೋ ವಿನೀರ್ ಟೇಪು, ಟಿವಿ ಯೂನಿಟ್ಟಿಗೆ ಪಿವಿಸಿ ಎಡ್ಜ್ ಬ್ಯಾಂಡ್ (ಅಂಚಿಗೆ ಅಂಟಿಸೋ ಪ್ಲಾಸ್ಟಿಕ್ ರಿಬ್ಬನ್), ಓದೋ ಟೇಬಲ್ಲಿಗೆ ಟೀಕ್ ಪಟ್ಟಿ ಹಾಕಿದೀನಿ. ಮೂರೂ ಒಂದೇ ಮನೇಲಿ ದಿನಾ ಕಣ್ಣೆದುರಿಗಿವೆ, ಟೇಬಲ್ ಅಂಚು ಸವರಿದಾಗೆಲ್ಲ ಖುಷಿಯಾಗತ್ತೆ, ಇನ್ನೆರಡನ್ನ ನೋಡಿದ್ರೆ ಕಿತ್ತು ಪಟ್ಟಿ ಹಾಕೋಣ ಅನ್ಸತ್ತೆ.

ಪಿವಿಸಿ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಏಟಿಗೆ ಗಟ್ಟಿ, ನೀರಿಗೆ ಹೆದರಲ್ಲ, ಲ್ಯಾಮಿನೇಟ್ ಜೊತೆ ಚೆನ್ನಾಗಿರತ್ತೆ. ಆದ್ರೆ ಪಾಲಿಶ್ ಹೀರಲ್ಲ, ಪಕ್ಕದ ಮರ ಬೆಳಕಿಗೆ ನಿಧಾನಕ್ಕೆ ಬಣ್ಣ ಬದಲಾಯಿಸ್ತಾ ಹೋದ್ರೂ ಇದು ತಂದ ದಿನದ ಬಣ್ಣದಲ್ಲೇ ನಿಂತಿರತ್ತೆ. ಮೆಷಿನ್ನಲ್ಲಿ ಅಂಟಿಸಿದ್ರೆ ಬಾಳಿಕೆ ಬರತ್ತೆ, ಮನೇಲಿ ರಬ್ಬರ್ ಗಮ್ ಹಚ್ಚಿ ಕೈಯಲ್ಲಿ ಒತ್ತಿದ್ದು ಮೂಲೆಯಿಂದ ಬಿಟ್ಕೊಳಕ್ಕೆ ಶುರುವಾಗತ್ತೆ.

ಇಸ್ತ್ರಿ ಟೇಪು ಸುಲಭ, ಅದನ್ನ ಒಪ್ತೀನಿ. ಇಸ್ತ್ರಿ ಪೆಟ್ಟಿಗೆ ಬಿಸಿ ಕಾಟನ್ ಸೆಟ್ಟಿಂಗಿಗೆ ಇಟ್ಟು ಟೇಪಿನ ಮೇಲೆ ಎಳೀಬೇಕು, ಬಿಸಿ ಇರೋವಾಗ್ಲೇ ಮರದ ತುಂಡಿಂದ ಗಟ್ಟಿಯಾಗಿ ಉಜ್ಜಬೇಕು, ಮಿಕ್ಕ ಅಂಚನ್ನ ಅರದಿಂದ ಕೆಳಮುಖವಾಗಿ ಮಾತ್ರ ತೀಡಬೇಕು, ಮೇಲಕ್ಕೆ ಎಳೆದ್ರೆ ಟೇಪೇ ಹರ್ಕೊಂಡು ಬರತ್ತೆ. ತಗೊಳೋವಾಗ ಅಗಲ ನೋಡಿ: 18 ಎಂಎಂ ಪ್ಲೈ ಮೇಲೆ 4 ಎಂಎಂ ವಿನೀರ್ ಶೀಟ್ (ಆ ಅರ್ಧ ಮಿಲಿಮೀಟರ್ ಪದರನ ತೆಳು ಪ್ಲೈ ಮೇಲೆ ಅಂಟಿಸಿ ಬರೋ ಹಾಳೆ) ಕೂತ್ರೆ ದಪ್ಪ 22 ಆಗತ್ತೆ, ಟೇಪಿನ ಅಗಲನೂ 22 ಇದ್ರೆ ಎರಡೂ ಕಡೆ ತೀಡೋಕೆ ಏನೂ ಉಳಿಯಲ್ಲ, ಅಗಲದ ರೋಲೇ ಬೇಕು. ಅಂಗಡಿಯವರು ಇದನ್ನ ಹೇಳೋದೇ ಇಲ್ಲ. ಟೇಪಿನ ದೊಡ್ಡ ಕೊರತೆ ಅಂದ್ರೆ ಅದರ ಅಂಟು ಬಿಸಿಗೆ ಕರಗೋ ಜಾತಿದು, ಬಿಸಿಗೆ ಅಂಟ್ಕೊಂಡಿದ್ದು ಬಿಸಿಗೇ ಬಿಡತ್ತೆ. ನಮ್ಮ ಶೆಲ್ಫ್ ಪಶ್ಚಿಮದ ಕಿಟಕಿ ಪಕ್ಕ ಇರೋದು, ಮಧ್ಯಾಹ್ನದ ಬಿಸಿಲು ಬೀಳೋ ಕಡೆ ಟೇಪ್ ಎದ್ದಿದೆ, ನೆರಳಲ್ಲಿರೋ ಹಲಗೆಗಳಲ್ಲಿ ಸರಿಯಾಗೇ ಇದೆ. ಮತ್ತೆ ಇಸ್ತ್ರಿ ಹಾಕಿದ್ರೆ ಕೂತ್ಕೊಳತ್ತೆ, ಮುಂದಿನ ಬೇಸಿಗೆಗೆ ಮತ್ತೆ ಅದೇ ಕೆಲ್ಸ.

ಈಗ ಪಟ್ಟಿ. ಏಟು ಬಿದ್ರೂ ಬೀಳೋದು ಗಟ್ಟಿ ಮರದ ಮೇಲೆ, ಚಿಕ್ಕ ಗುಂಡಿಯಾದ್ರೆ ಉಪ್ಪುಕಾಗದ ಹಾಕಿ ಮತ್ತೆ ಪಾಲಿಶ್ ಕೊಟ್ರೆ ಮುಗೀತು. ಆದ್ರೆ ಯಾವಾಗ ಅಂಟಿಸಬೇಕು ಅನ್ನೋದು ಮುಖ್ಯ. ಕೆಲವು ಕಾರ್ಪೆಂಟರ್‌ಗಳು ಮೊದಲು ಪ್ಲೈಗೆ ಪಟ್ಟಿ ಹಾಕಿ ಆಮೇಲೆ ಮೇಲಿಂದ ವಿನೀರ್ ಹೊದಿಸ್ತಾರೆ, ನೋಡೋಕೆ ನೀಟು, ಆದ್ರೆ ವಿನೀರಿನ ಅಂಚು ಮೂಲೇಲಿ ಬಯಲಿಗೇ ಬರತ್ತೆ, ಹಾಗಿದ್ಮೇಲೆ ಪಟ್ಟಿ ಹಾಕಿದ ಉದ್ದೇಶ ಏನಾಯ್ತು? ವಿನೀರ್ ಆದ್ಮೇಲೇ ಪಟ್ಟಿ ಹಾಕ್ಸಿ.

ಹಾಗೆ ಹಾಕಿದ್ರೆ ತಲೆನೋವು ಬರೋದು ಲೆವೆಲ್ ಮಾಡೋವಾಗ. ಪಟ್ಟಿಯನ್ನ ವಿನೀರಿಗಿಂತ ಕೂದಲೆಳೆಯಷ್ಟು ಎತ್ತರಕ್ಕೇ ಅಂಟಿಸಬೇಕು, ತಗ್ಗಾದ್ರೆ ಗತಿಯಿಲ್ಲ. ಆಮೇಲೆ ಆ ಹೆಚ್ಚಿಗೆ ಇರೋದನ್ನ ಮಾತ್ರ ತೆಗೀಬೇಕು, ಪಕ್ಕದಲ್ಲಿರೋದು ಅರ್ಧ ಮಿಲಿಮೀಟರ್ ವಿನೀರು, ಸ್ಯಾಂಡರ್ ಮೆಷಿನ್ ಒಂದು ಕಡೆ ಸ್ವಲ್ಪ ವಾಲಿದ್ರೂ ಪದರ ಸವೆದು ಕೆಳಗಿನ ಪ್ಲೈ ಕಾಣತ್ತೆ, ಅದಕ್ಕೆ ಯಾವ ಪಾಲಿಶೂ ಮದ್ದಲ್ಲ. ಸಿಟ್ಟು ಬರೋದು ಯಾಕಂದ್ರೆ ಮಿಕ್ಕಿದ್ದೆಲ್ಲ ಅರ್ಧ ಗಂಟೆ ಕೆಲ್ಸ, ಇದೊಂದೇ ಇಡೀ ಮಧ್ಯಾಹ್ನ ತಿನ್ನತ್ತೆ.

ನಾನು ಮಾಡೋದು ಹೀಗೆ. ಪಟ್ಟಿ ಪಕ್ಕದ ವಿನೀರ್ ಮೇಲೆ ಪೆನ್ಸಿಲ್ಲಲ್ಲಿ ಉದ್ದಕ್ಕೂ ಗೀಚ್ತೀನಿ. ಚೂಪಾದ ಕೀಸುಳಿಯಲ್ಲಿ ಪಟ್ಟಿನ ಮಾತ್ರ ಇಳಿಸ್ತೀನಿ, ಕೊನೆಗೆ ಸ್ವಲ್ಪ ಉಳಿದಾಗ ಉಳಿಯ ಚಪ್ಪಟೆ ಬೆನ್ನನ್ನ ವಿನೀರ್ ಮೇಲೆ ಮಲಗಿಸಿ ಸವರ್ತೀನಿ, ಆಮೇಲೆ ಸ್ಕ್ರೇಪರ್ (ಮರ ಕೆರೆಯೋ ಉಕ್ಕಿನ ತಗಡು), ಆಮೇಲೆ ಮರದ ತುಂಡಿಗೆ ಸುತ್ತಿದ 220 ನಂಬರ್ ಉಪ್ಪುಕಾಗದ. ಪೆನ್ಸಿಲ್ ಗೀಟು ಮಾಸೋಕೆ ಶುರುವಾಯ್ತಾ, ಅಲ್ಲಿಗೆ ಕೈ ನಿಲ್ಲಿಸ್ಬೇಕು. ಅಂಟಿಸೋವಾಗ ಉದ್ದದ ಕ್ಲಾಂಪ್ ಇಲ್ದಿದ್ರೂ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಎಳೆದು ಕಟ್ಟಿದ್ರೆ ತೆಳು ಪಟ್ಟಿಗೆ ಸಾಕು. ಹೊರಗೆ ಬಂದ ಫೆವಿಕಾಲನ್ನ ಒದ್ದೆ ಬಟ್ಟೇಲಿ ಒರೆಸಬೇಡಿ, ಮರದ ರಂಧ್ರಕ್ಕೆ ಇಳಿದು ಪಾಲಿಶ್ ಹಿಡಿಯದೆ ಬಿಳಿ ಮಚ್ಚೆ ಉಳಿಯತ್ತೆ, ಅರ್ಧ ಒಣಗಿ ರಬ್ಬರ್ ಥರ ಆದಾಗ ಎಬ್ಬಿಸಿ. ಕೊನೇಲಿ ಹೊರಗಿನ ಚೂಪು ಮೂಲೆನ ಲೈಟಾಗಿ ಉರುಟು ಮಾಡಿ, ಚೂಪು ಮೂಲೇಲಿ ಪಾಲಿಶ್ ನಿಲ್ಲಲ್ಲ.

ಮರ ಯಾವ್ದು ಅಂದ್ರೆ ಟೀಕ್ ವಿನೀರಿಗೆ ಟೀಕೇ ಮೊದಲ ಆಯ್ಕೆ. ಹೊಸ ಮರ ಕೊಯ್ಸಬೇಕಾಗಿಲ್ಲ, ಬಾಗಿಲು ಚೌಕಟ್ಟು ಕೊಯ್ದು ಉಳಿದ ತುಂಡುಗಳಿಂದ್ಲೇ 6 ಎಂಎಂ ಪಟ್ಟಿ ಸೀಳ್ಕೊಡ್ತಾರೆ, ಬೆಂಗಳೂರಲ್ಲಾದ್ರೆ ಮೈಸೂರು ರೋಡಿನ ಟಿಂಬರ್ ಯಾರ್ಡ್ ಕಡೆ ವಿಚಾರಿಸಿ ನೋಡಿ. ಹಲಸು ಕೂಡ ಚೆನ್ನಾಗಿರತ್ತೆ, ಮೊದಲು ಹಳದಿ ಹೊಡೆದ್ರೂ ಬರ್ತಾ ಬರ್ತಾ ಕಂದು ಆಗತ್ತೆ. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗ, ಆದ್ರೆ ಅಂಚಿಗೆ ನಂಗೆ ಮೆದು ಅನ್ಸತ್ತೆ. ಯಾವುದೇ ಆದ್ರೂ ಒಣಗಿರಬೇಕು, ಹಸಿ ಪಟ್ಟಿ ಆಮೇಲೆ ಕುಗ್ಗಿ ವಿನೀರಿಗಿಂತ ತಗ್ಗಾಗತ್ತೆ.

ನಂದು ದಿನಾ ಕೈಯಿಡೋ ಟೇಬಲ್ಲು, ಬಿಸಿ ಕಾಫಿ ಲೋಟ ಅಂಚಲ್ಲೇ ಇಡೋ ಅಭ್ಯಾಸ, ದುಡ್ಡಿಗಿಂತ ಭಾನುವಾರಗಳು ಜಾಸ್ತಿ ಸಿಗತ್ವೆ, ಹಾಗಾಗಿ ಪಟ್ಟಿ. ಬಾಡಿಗೆ ಮನೆ, ಬೇಗ ಮುಗೀಬೇಕು ಅನ್ನೋರು ನೆರಳಲ್ಲಿಡೋ ಶೆಲ್ಫಿಗೆ ಟೇಪ್ ಹಾಕ್ಕೊಳ್ಳಿ, ವಾರ್ಡ್‌ರೋಬ್ ಒಳಗಿನ ಹಲಗೆಗಳಿಗೆ ನಾನೂ ಅದನ್ನೇ ಹಾಕೋದು. ಟಿವಿ ಯೂನಿಟ್ಟಿನ ಪಿವಿಸಿ ಮಾತ್ರ ಕೀಳೋದೇ, ಹಲಸಿನ ತುಂಡು ಆಗ್ಲೇ ತಂದು ಒಣಗೋಕೆ ಇಟ್ಟಿದೀನಿ.